ನಾಯಿಗೆ ಸಿಸೇರಿಯನ್: ಮತ್ತು (ಅರಿವಳಿಕೆ) ಕೊಡಿಸುವ ಮೊದಲು ಏನು ಕೇಳಬೇಕು, ಏನು ನೋಡಬೇಕು

ಪಗ್, ಶಿಟ್ಜು, ಲ್ಯಾಬ್ ಸಾಕಿರುವವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ಆಪರೇಷನ್ ಮಾಡಿ ಮರಿ ತೆಗೀಬೇಕು ಅಂತಿದ್ದಾರೆ. ಯಾವ ಮತ್ತಿನ ಇಂಜೆಕ್ಷನ್ ಸೇಫು?" ತುಮಕೂರು, ತಿಪಟೂರು, ಶಿರಾ ಕಡೆಯವರು ಕೇಳುತ್ತಾರೆ, ಕೋಲಾರ, ಚಿಕ್ಕಬಳ್ಳಾಪುರದವರೂ ಕೇಳುತ್ತಾರೆ. ಕೆಲವರಂತೂ ನಾಯಿ ಪಕ್ಕದಲ್ಲಿ ತಿಣುಕುತ್ತಿರುವಾಗಲೇ ಕೇಳುತ್ತಾರೆ. ಅಷ್ಟು ಹೊತ್ತಿಗೆ ಹೇಳುವುದಕ್ಕೆ ಉಳಿದಿರುವುದು ಕಡಿಮೆ.

ಮೊದಲೇ ಹೇಳಿಬಿಡುತ್ತೇನೆ. ಎಲ್ಲ ನಾಯಿಗೂ ಹೊಂದುವ ಒಂದು ಸೇಫ್ ಇಂಜೆಕ್ಷನ್ ಅಂತ ಇಲ್ಲ. ಔಷಧಿ ಆರಿಸುವುದು ವೈದ್ಯರ ಕೆಲಸ. ದಿನ ಗೊತ್ತು ಮಾಡಿಕೊಳ್ಳುವುದು, ಆಸ್ಪತ್ರೆ ಆರಿಸುವುದು, ಸರಿಯಾದ ಪ್ರಶ್ನೆ ಕೇಳುವುದು ನಿಮ್ಮ ಕೆಲಸ. ತಾಯಿ, ಮರಿ ಉಳಿಯುವುದರಲ್ಲಿ ಔಷಧಿಯ ಹೆಸರಿಗಿಂತ ದೊಡ್ಡ ಪಾತ್ರ ಮೂರು ಸಂಗತಿಗಳದ್ದು: ಗಂಟಲಲ್ಲಿ ಟ್ಯೂಬ್, ಉಸಿರಿಗೆ ಆಮ್ಲಜನಕ, ಆಪರೇಷನ್ ಮಾಡುವವರ ಪಕ್ಕದಲ್ಲಿ ಮತ್ತನ್ನೇ ನೋಡಿಕೊಳ್ಳುವ ಇನ್ನೊಬ್ಬರು. ಕೆಳಗೆ ಔಷಧಿಗಳ ಹೆಸರಿವೆ, ಪ್ರಮಾಣ ಬೇಕೆಂದೇ ಬರೆದಿಲ್ಲ. ಮನೆಯಲ್ಲಿ ಕೊಡುವ ಔಷಧಿ ಇದರಲ್ಲಿ ಒಂದೂ ಇಲ್ಲ.

ಗಬ್ಬದ ನಾಯಿಗೆ ಮತ್ತು ಕೊಡುವುದು ಯಾಕೆ ಬೇರೆ

ಮಾಮೂಲಿ ಸಂತಾನಹರಣ ಆಪರೇಷನ್‌ಗೆ ಕೊಡುವ ಮತ್ತನ್ನೇ ಇದಕ್ಕೂ ಕೊಟ್ಟರೆ ಆಯ್ತಲ್ವಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ.

ತುಂಬಿದ ಗರ್ಭಕೋಶ ಮುಂದಕ್ಕೆ ಒತ್ತಿ ಶ್ವಾಸಕೋಶಕ್ಕೆ ಹಿಗ್ಗಲು ಜಾಗ ಕಡಿಮೆ ಮಾಡಿರುತ್ತದೆ. ಅದೇ ಹೊತ್ತಿಗೆ ಮೈಗೆ ಬೇಕಾದ ಆಮ್ಲಜನಕ ಜಾಸ್ತಿ. ಹಾಗಾಗಿ ಮತ್ತಿನಲ್ಲಿ ಸ್ವಲ್ಪ ಹೊತ್ತು ಉಸಿರು ನಿಂತರೂ ಈ ನಾಯಿಯ ನಾಲಿಗೆ ಬೇರೆ ನಾಯಿಗಿಂತ ಬೇಗ ನೀಲಿಯಾಗುತ್ತದೆ. ಎರಡನೆಯದು ಹೊಟ್ಟೆ. ತಿಂದದ್ದು ನಿಧಾನವಾಗಿ ಕೆಳಗಿಳಿಯುತ್ತದೆ, ಹೊಟ್ಟೆಯ ಬಾಯಿ ಸಡಿಲವಾಗಿರುತ್ತದೆ. ಮತ್ತಿನಲ್ಲಿ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಆಪರೇಷನ್ ಚೆನ್ನಾಗಿ ಆಗಿ, ಎರಡು ದಿನ ಬಿಟ್ಟು ತಾಯಿ ಹೋಗುವುದು ಎಷ್ಟೋ ಸಲ ಇದರಿಂದ.

ಮೂರನೆಯದು ರಕ್ತದೊತ್ತಡ. ಅಂಗಾತ ಮಲಗಿಸಿದಾಗ ಗರ್ಭಕೋಶದ ಭಾರ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳದ ಮೇಲೆ ಬಿದ್ದು, ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗಬಹುದು. ತಾಯಿಯ ಒತ್ತಡ ಇಳಿದರೆ ಮರಿಗೆ ಹೋಗುವ ರಕ್ತವೂ ಇಳಿಯುತ್ತದೆ.

ಇನ್ನೊಂದು ಮಾತು. ತಾಯಿಯ ಮೆದುಳಿಗೆ ಹೋಗಿ ಮತ್ತು ಬರಿಸುವ ಔಷಧಿ ಮಾಸನ್ನೂ ದಾಟಿ ಮರಿಗೆ ಹೋಗುತ್ತದೆ. ಮರಿಯ ಪಿತ್ತಜನಕಾಂಗಕ್ಕೆ ಅದನ್ನು ಕರಗಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಆದ್ದರಿಂದ ಇಲ್ಲಿ ಒಳ್ಳೆಯ ಔಷಧಿ ಅಂದರೆ ಬೇಗ ಇಳಿಯುವಂಥದ್ದು, ಮರಿ ತಾನೇ ಉಸಿರಿನಲ್ಲಿ ಹೊರಹಾಕಬಲ್ಲಂಥದ್ದು, ಇಲ್ಲವೇ ಪ್ರತಿ-ಔಷಧಿ ಕೊಟ್ಟು ಇಳಿಸಬಲ್ಲಂಥದ್ದು.

1. ದಿನ ಗೊತ್ತು ಮಾಡಿಕೊಳ್ಳಿ

ತುರ್ತಿನಲ್ಲಿ ಮಾಡುವ ಸಿಸೇರಿಯನ್‌ಗಿಂತ ಮೊದಲೇ ಗೊತ್ತು ಮಾಡಿಕೊಂಡು ಮಾಡುವುದು ತಾಯಿಗೂ ಮರಿಗೂ ಒಳ್ಳೆಯದು. ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್‌ಗಳಲ್ಲಿ ಬಹುಪಾಲು ಹೆರಿಗೆ ಆಪರೇಷನ್ನಿನಿಂದಲೇ ಆಗುತ್ತದೆ. ಮರಿಯ ತಲೆ ದಪ್ಪ, ತಾಯಿಯ ಸೊಂಟ ಕಿರಿದು. ಪಗ್‌ನಲ್ಲೂ ಸಾಧ್ಯತೆ ಜಾಸ್ತಿ. ಇವನ್ನು ಸಾಕಿದ್ದರೆ "ನೋಡೋಣ, ತಾನಾಗೇ ಹಾಕಬಹುದು" ಅಂತ ಕಾಯುವುದು ಬೇಡ.

ಕ್ರಾಸ್ ಮಾಡಿಸಿದ ದಿನದಿಂದ ಎಣಿಸಿದರೆ ಹೆರಿಗೆ 58ರಿಂದ 72 ದಿನದೊಳಗೆ ಯಾವಾಗ ಬೇಕಾದರೂ ಆಗಬಹುದು. ಗಂಡಿನ ವೀರ್ಯ ಹೆಣ್ಣುನಾಯಿಯ ಒಳಗೆ ಕೆಲವು ದಿನ ಜೀವಂತವಾಗಿರುತ್ತದೆ, ಅದಕ್ಕೇ ಇಷ್ಟು ಅಂತರ. ಅಂಡ ಬಿಡುಗಡೆಯಾದ ದಿನ ಗೊತ್ತಿದ್ದರೆ ಲೆಕ್ಕ ಸರಿ, ಅಲ್ಲಿಂದ ಸುಮಾರು 63 ದಿನ. ಇಷ್ಟು ಮಾಡಿ:

- ಸುಮಾರು 25ರಿಂದ 30ನೇ ದಿನಕ್ಕೆ ಒಂದು ಸ್ಕ್ಯಾನ್. ಗಬ್ಬ ಹೌದೋ ಅಲ್ಲವೋ ಗೊತ್ತಾಗುತ್ತದೆ.
- 55ನೇ ದಿನ ಕಳೆದ ಮೇಲೆ ಒಂದು ಎಕ್ಸ್‌ರೇ. ಮರಿಗಳ ತಲೆಬುರುಡೆ ಎಣಿಸಬಹುದು. ಒಂದೇ ಮರಿ ಇದ್ದರೆ ಅದು ದಪ್ಪ ಬೆಳೆದು ಸಿಕ್ಕಿಕೊಳ್ಳುವುದುಂಟು, ನೋವು ಶುರುವಾಗದೇ ಇರುವುದೂ ಉಂಟು. ಆ ಹೊತ್ತಿಗೆ ಒಂದು ಎಕ್ಸ್‌ರೇಯಿಂದ ಮರಿಗೆ ತೊಂದರೆ ಆಗುತ್ತದೆ ಅನ್ನುವ ಹೆದರಿಕೆ ಬೇಡ.
- ಕೊನೆಯ ವಾರ ದಿನಕ್ಕೆ ಎರಡು ಮೂರು ಸಲ ಗುದದಲ್ಲಿ ಜ್ವರ ನೋಡಿ ಬರೆದಿಡಿ. ನಾಯಿಯ ಮಾಮೂಲಿ ಶಾಖ 101ರಿಂದ 102.5 ಫ್ಯಾರನ್‌ಹೀಟ್. 99ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ನೋವು ಶುರುವಾಗುತ್ತದೆ.
- ದಿನ ನಿಗದಿ ಮಾಡಿ ಆಪರೇಷನ್ ಮಾಡಿಸುವುದಾದರೆ ಪ್ರೊಜೆಸ್ಟರಾನ್ ರಕ್ತಪರೀಕ್ಷೆ. ಗಬ್ಬ ನಿಲ್ಲಿಸಿಕೊಂಡಿರುವ ಹಾರ್ಮೋನ್ ಇದು. ಮಿಲಿಲೀಟರಿಗೆ 2 ನ್ಯಾನೋಗ್ರಾಮಿಗಿಂತ ಕೆಳಗೆ ಬಂದರೆ ಮರಿ ಹೊರಬರಲು ಸಿದ್ಧ ಅಂತ ಅರ್ಥ. ಹಾರ್ಮೋನ್ ಮನುಷ್ಯರಿಗೂ ನಾಯಿಗೂ ಒಂದೇ, ಹಾಗಾಗಿ ವೈದ್ಯರು ತೆಗೆದುಕೊಟ್ಟ ರಕ್ತವನ್ನು ಮನುಷ್ಯರ ಲ್ಯಾಬಿನಲ್ಲೂ ಪರೀಕ್ಷೆ ಮಾಡಿಸುವುದುಂಟು. ಪ್ರತಿಸಲ ಅದೇ ಲ್ಯಾಬಿಗೆ ಕೊಡಿ, ರಿಪೋರ್ಟ್ ಯಾವಾಗ ಬರುತ್ತದೆ ಅಂತ ಮೊದಲೇ ಕೇಳಿಕೊಳ್ಳಿ.

ಎಚ್ಚರಿಕೆ: "ನಾಡಿದ್ದು ಅಮಾವಾಸ್ಯೆ, ನಾಳೆಯೇ ಮಾಡಿಬಿಡಿ ಡಾಕ್ಟ್ರೇ" ಅನ್ನುವವರು ನಮ್ಮ ಕಡೆ ಕಡಿಮೆ ಇಲ್ಲ. ಮರಿಯ ಶ್ವಾಸಕೋಶ ಬಲಿಯುವುದು ಕೊನೆಯ ಒಂದೆರಡು ದಿನಗಳಲ್ಲಿ. ಆತುರಪಟ್ಟು ತೆಗೆದ ಮರಿ ಎಷ್ಟು ಒಳ್ಳೆಯ ಮತ್ತು ಕೊಟ್ಟಿದ್ದರೂ ಉಸಿರಾಡಲಾರದು. ಪಂಚಾಂಗ ಗೃಹಪ್ರವೇಶಕ್ಕಿರಲಿ.

2. ಆಸ್ಪತ್ರೆಯನ್ನು ಹದಿನೈದು ದಿನ ಮುಂಚೆಯೇ ಹುಡುಕಿ

ನಮ್ಮ ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಹೆಚ್ಚಿನ ಕೆಲಸ ದನ, ಎಮ್ಮೆ, ಕುರಿ, ಮೇಕೆಯದು. ಅಲ್ಲಿನ ವೈದ್ಯರಿಗೆ ಸಿಸೇರಿಯನ್ ಗೊತ್ತಿಲ್ಲ ಅಂತಲ್ಲ. ಹಸುವಿಗೆ ನಿಲ್ಲಿಸಿಕೊಂಡೇ ಮಾಡುವ ಸಿಸೇರಿಯನ್ ಬೇರೆ, ನಾಲ್ಕು ಕೆಜಿ ಶಿಟ್ಜುವಿನದು ಬೇರೆ. ಎರಡನೆಯದಕ್ಕೆ ಸಣ್ಣ ಟ್ಯೂಬ್, ಆಮ್ಲಜನಕ, ಗ್ಯಾಸ್ ಯಂತ್ರ ಬೇಕು.

ಫೋನ್ ಮಾಡಿ ಇವನ್ನು ಕೇಳಿ. ಕೇಳಿದರೆ ಡಾಕ್ಟರ್ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಸಂಕೋಚ ಬೇಡ.

- "ಗ್ಯಾಸ್ ಮತ್ತು ಕೊಡ್ತೀರಾ ಸರ್, ಬರೀ ಇಂಜೆಕ್ಷನ್ನಾ?" ಗ್ಯಾಸ್ ಅಂದರೆ ಐಸೊಫ್ಲೂರೇನ್ ಅಥವಾ ಸೆವೊಫ್ಲೂರೇನ್.
- "ಗಂಟಲಿಗೆ ಟ್ಯೂಬ್ ಹಾಕ್ತೀರಾ?" ಉಸಿರುನಾಳಕ್ಕೆ ಇಳಿಸುವ, ಸುತ್ತ ಸಣ್ಣ ಬಲೂನ್ ಇರುವ ಕೊಳವೆ ಇದು. ಬಲೂನ್ ಊದಿಸಿದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುವುದು ಬಹುಮಟ್ಟಿಗೆ ತಪ್ಪುತ್ತದೆ.
- "ನೀವು ಆಪರೇಷನ್ ಮಾಡುವಾಗ ಮತ್ತು ಯಾರು ನೋಡ್ಕೋತಾರೆ? ಮರಿಗಳನ್ನು ಯಾರು ನೋಡ್ಕೋತಾರೆ?"
- "ರಕ್ತದೊತ್ತಡ, ಆಮ್ಲಜನಕದ ಮಟ್ಟ ನೋಡುವ ಯಂತ್ರ ಇದೆಯಾ?" ಕೋವಿಡ್ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ನೆನಪಿದೆಯಲ್ವಾ, ಅದನ್ನೇ ನಾಯಿಯ ನಾಲಿಗೆಗೆ ಹಾಕುತ್ತಾರೆ.
- "ರಾತ್ರಿ ಬಂದರೆ ಮಾಡ್ತೀರಾ? ಇಲ್ಲ ಅಂದ್ರೆ ಎಲ್ಲಿಗೆ ಕಳಿಸ್ತೀರಾ?"
- ಖರ್ಚು ಎಷ್ಟು, ಅದರಲ್ಲಿ ಗ್ಯಾಸ್, ಸ್ಕ್ಯಾನ್, ಔಷಧಿ ಸೇರಿದೆಯಾ?

ಇವುಗಳಲ್ಲಿ ಒಂದನ್ನು ಮಾತ್ರ ಕೇಳುವುದಾದರೆ ಮೂರನೆಯದನ್ನು ಕೇಳಿ. ಯಂತ್ರ ಇದ್ದು ನೋಡುವವರಿಲ್ಲದ ಕಡೆಗಿಂತ, ಯಂತ್ರ ಕಡಿಮೆ ಇದ್ದರೂ ನಾಯಿಯ ತಲೆಯ ಹತ್ತಿರ ಒಬ್ಬರು ಕೂತು ಉಸಿರು, ನಾಡಿ, ಒಸಡಿನ ಬಣ್ಣ ನೋಡುತ್ತಿರುವ ಕಡೆ ನಾನು ಹೋಗುತ್ತೇನೆ.

ತುಮಕೂರಿನಲ್ಲಿ ಅನುಕೂಲ ಆಗದಿದ್ದರೆ ಬೆಂಗಳೂರು ಸುಮಾರು 70 ಕಿಲೋಮೀಟರ್. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಖಾಸಗಿ ಆಸ್ಪತ್ರೆಗಳಿವೆ. ಆದರೆ ನೆಲಮಂಗಲ ದಾಟಿ ಗೊರಗುಂಟೆಪಾಳ್ಯದಲ್ಲಿ ಸಂಜೆ ಸಿಕ್ಕಿಹಾಕಿಕೊಂಡರೆ 70 ಕಿಲೋಮೀಟರ್ ಲೆಕ್ಕಕ್ಕೆ ಬರುವುದಿಲ್ಲ. ಚಿಕ್ಕಬಳ್ಳಾಪುರದವರಿಗೆ ಹೆಬ್ಬಾಳ ನೇರ ಬಳ್ಳಾರಿ ರಸ್ತೆಯಲ್ಲೇ ಸಿಗುತ್ತದೆ, ಆ ಪುಣ್ಯ ಅವರದು. ಪಾವಗಡದವರಿಗೆ ತುಮಕೂರೇ 100 ಕಿಲೋಮೀಟರ್ ಆಸುಪಾಸು. ಅಷ್ಟು ದೂರದವರು, ಅದರಲ್ಲೂ ಮೂತಿ ಚಪ್ಪಟೆ ಇರುವ ತಳಿ ಸಾಕಿರುವವರು, 58ನೇ ದಿನಕ್ಕೇ ಆಸ್ಪತ್ರೆಯ ಹತ್ತಿರ ನೆಂಟರ ಮನೆಯಲ್ಲಿ ಉಳಿಯುವುದು ಜಾಣತನ. ಎಲ್ಲಿಗೇ ಹೋಗಲಿ, ಹೊರಡುವ ಮೊದಲು ಫೋನ್ ಮಾಡಿ. ಸರ್ಕಾರದ 1962 ಪಶು ಸಂಜೀವಿನಿ ಸಹಾಯವಾಣಿ ಇದೆ, ನಿಜ. ಬರುವ ವಾಹನದಲ್ಲಿ ಗ್ಯಾಸ್ ಯಂತ್ರ ಇರುತ್ತದೆ ಅಂದುಕೊಂಡು ಕಾಯಬೇಡಿ.

3. ಔಷಧಿಗಳ ಪರಿಚಯ ಮಾಡಿಕೊಳ್ಳಿ

ಡಾಕ್ಟರ ಜೊತೆ ವಾದ ಮಾಡಲು ಇದನ್ನು ಹೇಳುತ್ತಿಲ್ಲ. ಅವರು ಹೇಳಿದ್ದು ನಿಮಗೆ ಅರ್ಥವಾಗಬೇಕು, ಅಷ್ಟೇ.

ಪ್ರೊಪೊಫಾಲ್: ಹಾಲಿನಂತೆ ಬೆಳ್ಳಗಿರುವ ಔಷಧಿ. ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟರೆ ಒಂದೆರಡು ನಿಮಿಷದಲ್ಲಿ ನಾಯಿ ಮಲಗುತ್ತದೆ, ಟ್ಯೂಬ್ ಹಾಕಬಹುದು. ರಕ್ತದಿಂದ ಬೇಗ ಇಳಿಯುತ್ತದೆ. ಕೊಟ್ಟು ಹದಿನೈದು ಇಪ್ಪತ್ತು ನಿಮಿಷದ ನಂತರ ತೆಗೆದ ಮರಿಯಲ್ಲಿ ಅದರ ಪ್ರಭಾವ ಕಡಿಮೆ. ಆತುರಪಟ್ಟು ಜೋರಾಗಿ ಕೊಟ್ಟರೆ ಉಸಿರು ನಿಲ್ಲುತ್ತದೆ. ಅದಕ್ಕೇ ಆಮ್ಲಜನಕ ಪಕ್ಕದಲ್ಲೇ ಇರಬೇಕು. ಆಲ್ಫಾಕ್ಸಲೋನ್ ಇದೇ ಕೆಲಸದ ಇನ್ನೊಂದು ಔಷಧಿ. ಸಿಗುವ ಕಡೆ ಅದೂ ಒಳ್ಳೆಯ ಆಯ್ಕೆ.

ಐಸೊಫ್ಲೂರೇನ್, ಸೆವೊಫ್ಲೂರೇನ್: ಟ್ಯೂಬ್ ಮೂಲಕ ಆಮ್ಲಜನಕದ ಜೊತೆ ಹೋಗುವ ಗ್ಯಾಸ್. ಮರಿಗೂ ಹೋಗುತ್ತದೆ, ಆದರೆ ಮರಿ ಉಸಿರಾಡಲು ಶುರುಮಾಡಿದರೆ ತಾನೇ ಹೊರಹಾಕುತ್ತದೆ. ಗಬ್ಬದ ನಾಯಿಗೆ ಗ್ಯಾಸ್ ಸಾಮಾನ್ಯಕ್ಕಿಂತ ಕಡಿಮೆ ಸಾಕು. ಎಂದಿನಷ್ಟೇ ಬಿಟ್ಟರೆ ಒತ್ತಡ ಇಳಿಯುತ್ತದೆ.

ಲಿಗ್ನೋಕೇನ್: ಹಲ್ಲು ಕೀಳಿಸುವಾಗ ಮರಗಟ್ಟಿಸುತ್ತಾರಲ್ಲ, ಅದೇ. ಕೊಯ್ಯುವ ಜಾಗದ ಉದ್ದಕ್ಕೂ ಕೊಟ್ಟರೆ ಮೇಲಿನ ಮತ್ತು ಕಡಿಮೆ ಸಾಕಾಗುತ್ತದೆ. ಕಡಿಮೆ ಖರ್ಚು, ಎಲ್ಲ ಕಡೆ ಸಿಗುತ್ತದೆ.

ಬೆನ್ನಿಗೆ ಇಂಜೆಕ್ಷನ್: "ನಮ್ಮ ಮನೆಯವರಿಗೆ ಬೆನ್ನಿಗೆ ಕೊಟ್ಟು ಎಚ್ಚರ ಇರುವಾಗಲೇ ಮಾಡಿದ್ರು, ನಾಯಿಗೂ ಹಾಗೇ ಮಾಡಬಾರದಾ?" ಇದನ್ನು ಕೇಳದವರಿಲ್ಲ. ಮಾಡಬಹುದು. ಸೊಂಟದ ಕೊನೆಯ ಮೂಳೆಗಳ ನಡುವೆ ಕೊಡುತ್ತಾರೆ, ಅದಕ್ಕೆ ಎಪಿಡ್ಯೂರಲ್ ಅನ್ನುತ್ತಾರೆ. ಮರಿಗೆ ಹೋಗುವ ಔಷಧಿ ಕಡಿಮೆ, ಮರಿಗಳು ಚುರುಕಾಗಿ ಹುಟ್ಟುತ್ತವೆ. ತೊಂದರೆ ಇರುವುದು ತಾಯಿಯಲ್ಲಿ. ಮುಂಗಾಲು, ತಲೆಗೆ ಮತ್ತಿರುವುದಿಲ್ಲ, ಅಂಗಾತ ಹಿಡಿದರೆ ಗಾಬರಿಯಿಂದ ಒದ್ದಾಡುತ್ತದೆ. ಸುಮ್ಮನಿರಿಸಲು ಬೇರೆ ಮಂಪರಿನ ಔಷಧಿ ಜಾಸ್ತಿ ಕೊಟ್ಟರೆ ಗಂಟಲಲ್ಲಿ ಟ್ಯೂಬ್ ಇಲ್ಲದೆ ಮತ್ತು ಕೊಟ್ಟಂತೆಯೇ ಆಯಿತು. ಒತ್ತಡವೂ ಇಳಿಯಬಹುದು. ಕೈ ಪಳಗಿದವರು, ಶಾಂತ ಸ್ವಭಾವದ ದೊಡ್ಡ ನಾಯಿಗೆ ಮಾಡಿದರೆ ಸರಿ. ಪಗ್, ಬುಲ್‌ಡಾಗ್‌ಗಳಿಗೆ ಟ್ಯೂಬ್ ಹಾಕಿ ಗ್ಯಾಸ್ ಕೊಡುವುದೇ ಮೇಲು.

ಝೈಲಜೀನ್: ಈ ಹೆಸರು ಕಿವಿಗೆ ಬಿದ್ದರೆ ಒಂದು ಪ್ರಶ್ನೆ ಕೇಳಿ. ದನಗಳಿಗೆ ಮಂಪರು ಬರಿಸಲು ಬಹಳ ಬಳಸುವ, ಎಲ್ಲ ಕಡೆ ಸಿಗುವ ಔಷಧಿ. ನಾಯಿಗೆ ಇದು ವಾಂತಿ ಮಾಡಿಸುತ್ತದೆ, ಹೃದಯದ ಬಡಿತ ತೀರಾ ಇಳಿಸುತ್ತದೆ, ಗರ್ಭಕೋಶಕ್ಕೆ ಹೋಗುವ ರಕ್ತ ಕಡಿಮೆ ಮಾಡುತ್ತದೆ. ಸಿಸೇರಿಯನ್‌ನಲ್ಲಿ ಬೇಡದ ಮೂರೂ ಒಟ್ಟಿಗೆ. ಅಮೆರಿಕ, ಕೆನಡಾದ 800ಕ್ಕೂ ಹೆಚ್ಚು ಸಿಸೇರಿಯನ್‌ಗಳನ್ನು ನೋಡಿ 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಝೈಲಜೀನ್ ಬಳಸದಿದ್ದಾಗ ಮರಿಗಳು ಉಳಿಯುವ ಸಾಧ್ಯತೆ ಹೆಚ್ಚಿತ್ತು. ತುರ್ತಲ್ಲದ ಆಪರೇಷನ್, ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಮರಿ, ಮೂತಿ ಚಪ್ಪಟೆಯಲ್ಲದ ತಾಯಿ, ಇವೂ ಒಳ್ಳೆಯ ಲಕ್ಷಣಗಳಾಗಿ ಕಂಡವು. ಝೈಲಜೀನ್ ಕುಟುಂಬದ ಹೊಸ ಔಷಧಿಗಳನ್ನು ತುಂಬಾ ಕಡಿಮೆ ಪ್ರಮಾಣದಲ್ಲಿ, ಪ್ರತಿ-ಔಷಧಿ ಇಟ್ಟುಕೊಂಡು ಬಳಸುವ ತಜ್ಞರಿದ್ದಾರೆ. ಅದು ಬೇರೆ ಮಾತು.

ಕೆಟಮೀನ್, ಥಯೋಪೆಂಟೋನ್: ಎರಡೂ ಹಳೆಯವು. ತಾಯಿ ತಡೆದುಕೊಂಡರೂ ಮರಿಗಳು ಮಂಕಾಗಿ, ಉಸಿರಾಡಲು ಸೋಮಾರಿಯಾಗಿ ಹುಟ್ಟುವುದುಂಟು. ಝೈಲಜೀನ್ ಮತ್ತು ಕೆಟಮೀನ್ ಬೆರೆಸಿ ಸ್ನಾಯುವಿಗೆ ಚುಚ್ಚಿ, ಟ್ಯೂಬ್ ಇಲ್ಲದೆ ಮಾಡುವ ಸಿಸೇರಿಯನ್ ನನ್ನ ಪ್ರಕಾರ ಕೊನೆಯ ಆಯ್ಕೆ.

ಡಯಾಜೆಪಾಮ್, ಮಿಡಜೋಲಾಮ್: ಮರಿಗಳ ಮೈ ಜೋಲುಬಿಡುತ್ತದೆ. ಕೊಡಲೇಬೇಕಾದರೆ ಪ್ರತಿ-ಔಷಧಿ ಫ್ಲೂಮಜೆನಿಲ್ ಇರಬೇಕು. ಫೆಂಟನಿಲ್‌ನಂಥ ಬಲವಾದ ನೋವಿನ ಔಷಧಿಗಳನ್ನು ಸಾಮಾನ್ಯವಾಗಿ ಮರಿ ತೆಗೆದ ಮೇಲೆ ಕೊಡುತ್ತಾರೆ. ಮೊದಲೇ ಕೊಟ್ಟಿದ್ದರೆ ಮರಿಯ ನಾಲಿಗೆ ಕೆಳಗೆ ಒಂದು ಹನಿ ನಲೊಕ್ಸೋನ್ ಹಾಕಿ ಇಳಿಸಬಹುದು.

ಇನ್ನು ನಮ್ಮ ಕಡೆಯ ನಿಜವಾದ ತೊಡಕು. ಗ್ಯಾಸ್ ಯಂತ್ರ ಇಲ್ಲದ ಊರಿನಲ್ಲಿ, ಮುಂದೆ ಹೋಗಲು ಹೊತ್ತಿಲ್ಲದಿದ್ದರೆ? ಹಾಗಾದರೆ ಕೇಳಬೇಕಾದ್ದು ಇದು: "ಝೈಲಜೀನ್ ಬೇಡ, ಪ್ರೊಪೊಫಾಲ್ ಕೊಟ್ಟು, ಟ್ಯೂಬ್ ಹಾಕಿ, ಸಿಲಿಂಡರ್ ಆಮ್ಲಜನಕ ಇಟ್ಟುಕೊಂಡು, ಕೊಯ್ಯುವ ಜಾಗಕ್ಕೆ ಲಿಗ್ನೋಕೇನ್ ಕೊಟ್ಟು ಮಾಡೋಕಾಗುತ್ತಾ?" ಆಮ್ಲಜನಕದ ಸಿಲಿಂಡರ್ ಬಾಡಿಗೆಗೆ ಎಲ್ಲಿ ಸಿಗುತ್ತದೆ ಅಂತ ಮೊದಲೇ ವಿಚಾರಿಸಿಡಬಹುದು. ತಾಯಿ ಈಗಾಗಲೇ ಸುಸ್ತಾಗಿ ಬಿದ್ದಿದ್ದರೆ ಮಾತ್ರ ಈ ಪಟ್ಟಿ ಹಿಡಿದುಕೊಂಡು ಊರೂರು ಸುತ್ತಬೇಡಿ. ಹತ್ತಿರದಲ್ಲಿ ಕೈ ಪಳಗಿದ ವೈದ್ಯರು ಯಾರಿದ್ದಾರೋ ಅವರ ಹತ್ತಿರ ಹೋಗಿ, ಅವರಿಗೆ ಅಭ್ಯಾಸ ಇರುವ ಮತ್ತನ್ನೇ ಕೊಡಲಿ.

4. ಯಾವಾಗ ಹೊರಡಬೇಕು

ಇವುಗಳಲ್ಲಿ ಒಂದು ಕಂಡರೂ ಫೋನ್ ಮಾಡುತ್ತಲೇ ಗಾಡಿ ಹತ್ತಿ:

- ಜೋರಾಗಿ ತಿಣುಕಲು ಶುರುವಾಗಿ ಅರ್ಧ ಗಂಟೆಯಾದರೂ ಮರಿ ಬಂದಿಲ್ಲ.
- ಒಂದು ಮರಿ ಹಾಕಿ ಎರಡು ಗಂಟೆ ಕಳೆದಿದೆ, ಒಳಗೆ ಇನ್ನೂ ಇವೆ.
- ಮೊದಲ ಮರಿ ಬರುವ ಮುಂಚೆಯೇ ಕಡುಹಸಿರು ಅಥವಾ ಕಪ್ಪು ಹಸಿರು ಸ್ರಾವ. ಮಾಸು ಬಿಟ್ಟುಕೊಂಡಿದೆ ಅಂತ ಅರ್ಥ. ಮರಿ ಬಂದ ಮೇಲೆ ಇದೇ ಬಣ್ಣ ಕಂಡರೆ ಹೆದರಬೇಕಿಲ್ಲ.
- ಶಾಖ 99ಕ್ಕಿಂತ ಇಳಿದು 24 ಗಂಟೆ ಕಳೆದರೂ ಏನೂ ಇಲ್ಲ.
- ಅರ್ಧ ಮರಿ ಹೊರಗೆ ಬಂದು ಸಿಕ್ಕಿಕೊಂಡಿದೆ.
- ತಾಯಿ ತೀರಾ ಸುಸ್ತು, ನಡುಕ, ಒಸಡು ಬಿಳಿಚಿದೆ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಮರಿಗಳ ಹೃದಯದ ಬಡಿತ ನೋಡುತ್ತಾರೆ. ನಿಮಿಷಕ್ಕೆ 200ರ ಮೇಲಿದ್ದರೆ ಸಮಾಧಾನ. 180ಕ್ಕಿಂತ ಇಳಿದು ಅಲ್ಲೇ ನಿಂತರೆ ಮರಿಗೆ ಆಮ್ಲಜನಕ ಸಾಲುತ್ತಿಲ್ಲ, ಕಾಯುವ ಹೊತ್ತಲ್ಲ.

ದೊಡ್ಡ ತಪ್ಪು ನಡೆಯುವುದು ಇಲ್ಲಿ. ಮೆಡಿಕಲ್ ಶಾಪಿನಿಂದ ಆಕ್ಸಿಟೋಸಿನ್ ತಂದು ಮನೆಯಲ್ಲೇ ಚುಚ್ಚಿಸುವುದು. ಗರ್ಭಕೋಶವನ್ನು ಹಿಂಡುವ ಹಾರ್ಮೋನ್ ಅದು. ಮರಿ ಅಡ್ಡ ಸಿಕ್ಕಿಕೊಂಡಿದ್ದಾಗ ಕೊಟ್ಟರೆ ಗರ್ಭಕೋಶ ಹರಿಯಬಹುದು, ಮಾಸು ಬೇಗ ಬಿಟ್ಟು ಮರಿಗಳು ಒಳಗೇ ಸಾಯಬಹುದು. ಪರೀಕ್ಷೆ ಮಾಡದೆ ಅದನ್ನು ಯಾರೂ ಕೊಡಬಾರದು, ಎಷ್ಟೇ ಅನುಭವ ಇರುವ ಬ್ರೀಡರ್ ಆಗಿರಲಿ.

5. ಹೊರಡುವ ಮುನ್ನ

ಊಟ: ದಿನ ನಿಗದಿಯಾಗಿದ್ದರೆ ಎಷ್ಟು ಹೊತ್ತಿನಿಂದ ಊಟ ನಿಲ್ಲಿಸಬೇಕು ಅಂತ ವೈದ್ಯರೇ ಹೇಳುತ್ತಾರೆ, ಅಷ್ಟೇ ಮಾಡಿ. ಇಡೀ ದಿನ ಉಪವಾಸ ಕೆಡವಬೇಡಿ, ನೀರು ತಪ್ಪಿಸಬೇಡಿ. ನೋವು ಶುರುವಾದ ಮೇಲೆ "ಶಕ್ತಿ ಬರಲಿ" ಅಂತ ಮುದ್ದೆ, ಹಾಲು, ಮೊಟ್ಟೆ ತುರುಕುವುದು ಬೇಡ. ತಿಂದಿದ್ದರೆ ಮುಚ್ಚಿಡಬೇಡಿ. ಏನು ತಿಂತು, ಎಷ್ಟು ಗಂಟೆಗೆ ಅಂತ ಸ್ಪಷ್ಟವಾಗಿ ಹೇಳಿ. ಅದರ ಮೇಲೆ ವಾಂತಿ ತಡೆಯುವ ಔಷಧಿ, ಟ್ಯೂಬ್ ಹಾಕುವ ವೇಗ ಎಲ್ಲ ನಿರ್ಧಾರ ಆಗುತ್ತದೆ.

ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಕ್ರಾಸ್ ಆದ ದಿನ, ಶಾಖ ಇಳಿದ ಹೊತ್ತು, ನೋವು ಶುರುವಾದ ಹೊತ್ತು, ಹಾಕಿದ ಮರಿ ಎಷ್ಟು, ಕೊಟ್ಟ ಔಷಧಿ ಯಾವುದು, ಹಿಂದೆ ಯಾವಾಗಲಾದರೂ ಮತ್ತು ಕೊಟ್ಟಾಗ ತೊಂದರೆ ಆಗಿತ್ತಾ. ಯಾರೋ ಆಕ್ಸಿಟೋಸಿನ್ ಕೊಟ್ಟಿದ್ದರೆ ಅದನ್ನೂ ಬರೆಯಿರಿ. ಬೈಸಿಕೊಂಡರೂ ಪರವಾಗಿಲ್ಲ.

ಜೊತೆಗೆ ಹತ್ತಿ ಟವೆಲ್ ಏಳೆಂಟು, ರಟ್ಟಿನ ಡಬ್ಬ, ಬಿಸಿನೀರಿನ ಬಾಟಲಿ, ಬಟ್ಟೆಯ ಹೊದಿಕೆ ಸಮೇತ. ಬೇಸಿಗೆಯಾದರೆ ಕಾರಿಗೆ ಎಸಿ ಬೇಕೇ ಬೇಕು. ಮೂತಿ ಚಪ್ಪಟೆ ನಾಯಿಗಳು ಸೆಖೆಯಲ್ಲಿ ಏದುಸಿರು ಬಿಟ್ಟುಕೊಂಡೇ ಆಸ್ಪತ್ರೆ ಮುಟ್ಟಿದರೆ ಮತ್ತಿನ ಅಪಾಯ ಅಲ್ಲೇ ಹೆಚ್ಚಾಯಿತು. ಮನೆಯಿಂದ ಇಬ್ಬರು ಹೋಗಿ, ಮರಿಗಳಿಗೆ ಕೈ ಬೇಕು.

6. ಆಪರೇಷನ್ ಹೊತ್ತಿನಲ್ಲಿ ನೀವು ನೋಡಬಹುದಾದ್ದು

ಒಳಗೆ ಬಿಡುತ್ತಾರೋ ಇಲ್ಲವೋ ಆಸ್ಪತ್ರೆಗೆ ಬಿಟ್ಟದ್ದು. ಚೆನ್ನಾಗಿ ನಡೆಯುವ ಕಡೆ ಸಾಮಾನ್ಯವಾಗಿ ಕ್ರಮ ಹೀಗಿರುತ್ತದೆ. ಮೊದಲು ಮುಂಗಾಲಿಗೆ ಸೂಜಿ ಹಾಕಿ ಗ್ಲುಕೋಸ್ ಅಥವಾ ಸಲೈನ್ ಏರಿಸುತ್ತಾರೆ. ನಾಯಿ ಎಚ್ಚರವಿರುವಾಗಲೇ ಹೊಟ್ಟೆಯ ಕೂದಲು ಬೋಳಿಸಿ ತೊಳೆಯುತ್ತಾರೆ. ಇದು ಸಣ್ಣ ವಿಷಯ ಅಲ್ಲ. ಮತ್ತು ಕೊಟ್ಟ ಮೇಲೆ ಬೋಳಿಸುತ್ತಾ ಕೂತರೆ ಅಷ್ಟು ನಿಮಿಷ ಮರಿಗಳು ಸುಮ್ನೆ ಮತ್ತು ಕುಡಿಯುತ್ತಿರುತ್ತವೆ. ಆಮೇಲೆ ಮೂತಿಗೆ ಮಾಸ್ಕ್ ಹಿಡಿದು ಮೂರರಿಂದ ಐದು ನಿಮಿಷ ಆಮ್ಲಜನಕ. ನಿಮ್ಮ ನಾಯಿ ನಿಮ್ಮನ್ನು ನೋಡಿದರೆ ಸುಮ್ಮನಿರುತ್ತದೆ ಅನ್ನುವುದಾದರೆ ಈ ಹೊತ್ತಿಗೆ ತಲೆ ಹಿಡಿಯಲು ನಿಮ್ಮನ್ನೇ ಕರೆಯಬಹುದು. ನಂತರ ಪ್ರೊಪೊಫಾಲ್, ಕೂಡಲೇ ಟ್ಯೂಬ್, ಗ್ಯಾಸ್, ಕೊಯ್ಯುವ ಜಾಗಕ್ಕೆ ಲಿಗ್ನೋಕೇನ್. ಮೇಜನ್ನು ಸ್ವಲ್ಪ ಓರೆ ಮಾಡುವವರೂ ಇದ್ದಾರೆ.

ಆಮ್ಲಜನಕದ ಮಟ್ಟ 95ರ ಮೇಲಿರಬೇಕು. ಮರಿಗಳನ್ನೆಲ್ಲ ತೆಗೆದ ಕ್ಷಣ ಹೊಟ್ಟೆಯ ಒತ್ತಡ ತಟ್ಟನೆ ಕಡಿಮೆಯಾಗಿ, ರಕ್ತವೂ ಹೋಗಿ, ತಾಯಿಯ ರಕ್ತದೊತ್ತಡ ಕುಸಿಯಬಹುದು. ಎಲ್ಲರ ಕಣ್ಣು ಮರಿಗಳ ಮೇಲಿರುವ ಹೊತ್ತು ಅದು. ತಲೆಯ ಹತ್ತಿರ ಒಬ್ಬರು ಇರಲೇಬೇಕು ಅಂದಿದ್ದು ಇದಕ್ಕೇ.

ಸಂತಾನಹರಣವನ್ನೂ ಜೊತೆಗೇ ಮಾಡಿಸಬೇಕಾ ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಗರ್ಭಕೋಶ ತೆಗೆದರೂ ಹಾಲು ಬರುತ್ತದೆ. ಆದರೆ ಆಪರೇಷನ್ ಹೊತ್ತು ಹೆಚ್ಚುತ್ತದೆ, ರಕ್ತವೂ ಜಾಸ್ತಿ ಹೋಗುತ್ತದೆ. ತಾಯಿ ಸುಸ್ತಾಗಿದ್ದರೆ ಇನ್ನೊಮ್ಮೆ ಮಾಡಿಸಿ. ಗರ್ಭಕೋಶ ಕೊಳೆತಿದ್ದರೆ, ಹರಿದಿದ್ದರೆ ಮಾತ್ರ ಬೇರೆ ದಾರಿ ಇರುವುದಿಲ್ಲ.

7. ಮರಿ ಕೈಗೆ ಬಂದಾಗ

ಸಿಬ್ಬಂದಿ ಕಡಿಮೆ ಇರುವ ಕಡೆ ಟವೆಲ್ ನಿಮ್ಮ ಕೈಗೇ ಬರುತ್ತದೆ. ಮರಿ ತಣ್ಣಗೆ, ಜಾರುಜಾರಾಗಿ, ಅಲುಗಾಡದೆ ಇರುತ್ತದೆ. ಪೊರೆ ಇನ್ನೂ ಇದ್ದರೆ ಮೂತಿಯ ಮೇಲಿಂದ ಹರಿದು ತೆಗೆಯಿರಿ. ತಲೆ ಸ್ವಲ್ಪ ಕೆಳಗೆ ಮಾಡಿ ಹಿಡಿದು, ಸಣ್ಣ ರಬ್ಬರ್ ಪಂಪಿನಿಂದ ಮೊದಲು ಬಾಯಿ, ಆಮೇಲೆ ಮೂಗಿನ ಲೋಳೆ ಎಳೆಯಿರಿ. ಬೆನ್ನು, ಎದೆಯನ್ನು ಟವೆಲಿನಿಂದ ಚೆನ್ನಾಗಿ ಉಜ್ಜಿ. ಎದೆಯನ್ನು ಎರಡು ಬೆರಳ ನಡುವೆ ಹಿಡಿದರೆ ಪಟಪಟ ಬಡಿತ ಸಿಗುತ್ತದೆ. ಬಡಿತ ಇದ್ದರೆ ಬಿಡಬೇಡಿ, ಉಜ್ಜುತ್ತಲೇ ಇರಿ, ಮೂತಿಗೆ ಆಮ್ಲಜನಕ ಹಿಡಿಯಿರಿ. ಇಪ್ಪತ್ತು ನಿಮಿಷ ಕಳೆದು ಕುಯ್ ಅಂದ ಮರಿಗಳಿವೆ. ನೇರಳೆ ಬಣ್ಣದ ನಾಲಿಗೆ ಗುಲಾಬಿಗೆ ತಿರುಗಿ, ಮರಿ ಬಾಯಿ ತೆರೆದು ಕೂಗಿದರೆ ಅರ್ಧ ಗೆದ್ದಂತೆ.

ಮರಿಯನ್ನು ತಲೆಕೆಳಗೆ ಹಿಡಿದು ಬೀಸಬೇಡಿ. ಹಿಂದೆ ಎಲ್ಲರೂ ಮಾಡುತ್ತಿದ್ದರು, ಈಗಲೂ ಮಾಡುವವರಿದ್ದಾರೆ. ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ಬಡಿತ ನಿಧಾನ ಆಗಿರುವ ಮರಿಗೆ ಬೇಕಿರುವುದು ಆಮ್ಲಜನಕ ಮತ್ತು ಶಾಖ. ಉಸಿರಾಟ ಚುರುಕಾಗಲಿ ಅಂತ ನಾಲಿಗೆ ಕೆಳಗೆ ಹಾಕುವ ಹನಿ ಔಷಧಿ ಅವೆರಡರ ಜಾಗ ತುಂಬುವುದಿಲ್ಲ.

ಹೊಕ್ಕುಳಬಳ್ಳಿಯನ್ನು ಹೊಟ್ಟೆಯಿಂದ ಒಂದು ಸೆಂಟಿಮೀಟರ್ ಬಿಟ್ಟು ಕಟ್ಟಿ, ತುದಿಗೆ ಅಯೋಡಿನ್ ಹಚ್ಚುತ್ತಾರೆ. ಸೀಳುತುಟಿ, ಅಂಗುಳಿನಲ್ಲಿ ತೂತು ಇದೆಯಾ ಅಂತ ಅಲ್ಲೇ ನೋಡಿಸಿಕೊಳ್ಳಿ.

8. ಮನೆಗೆ ಬಂದ ಮೇಲೆ

ತಾಯಿ ತಲೆ ಎತ್ತಿ, ತಾನಾಗಿ ನಿಂತು, ನಿಮ್ಮನ್ನು ಗುರುತಿಸುವವರೆಗೂ ಆಸ್ಪತ್ರೆಯಿಂದ ಹೊರಡಬೇಡಿ. ಚಪ್ಪಟೆ ಮೂತಿಯ ನಾಯಿಗಳಿಗೆ ಟ್ಯೂಬ್ ತೆಗೆದ ನಂತರದ ಹೊತ್ತೇ ಅಪಾಯದ್ದು. ಚೆನ್ನಾಗಿ ಎಚ್ಚರವಾಗಿ ಟ್ಯೂಬನ್ನು ಅಗಿಯಲು ನೋಡುವ ತನಕ ತೆಗೆಯುವುದಿಲ್ಲ.

ಪೂರ್ತಿ ಮತ್ತು ಇಳಿಯುವ ಮೊದಲು ಮರಿಗಳನ್ನು ತಾಯಿಯ ಜೊತೆ ಒಂಟಿಯಾಗಿ ಬಿಡಬೇಡಿ. ಹೆರಿಗೆ ಆದದ್ದೇ ಅದಕ್ಕೆ ಗೊತ್ತಿಲ್ಲ, ಎದುರಿಗೆ ಏನೋ ಕುಯ್‌ಗುಡುತ್ತಿದೆ. ಕಚ್ಚಬಹುದು, ಮೇಲೆ ಮಲಗಿಬಿಡಬಹುದು. ನೀವೇ ಹಿಡಿದು ಮೊಲೆಗೆ ಹಚ್ಚಿ. ಮೊಲೆಯ ಮೇಲಿನ ಸ್ಪಿರಿಟ್, ಅಯೋಡಿನ್ ಮೊದಲು ಒರೆಸಿ. ಮೊದಲ ಹಾಲು ಹನ್ನೆರಡು ಗಂಟೆಯೊಳಗೆ ಮರಿಗಳ ಹೊಟ್ಟೆ ಸೇರಬೇಕು, ರೋಗ ತಡೆಯುವ ಶಕ್ತಿ ಬರುವುದು ಅದರಿಂದಲೇ.

ಮೊದಲ ವಾರ ಮರಿಗಳ ಜಾಗ 85ರಿಂದ 90 ಫ್ಯಾರನ್‌ಹೀಟ್ ಬೆಚ್ಚಗಿರಲಿ, ತಾಯಿಗೆ ಪಕ್ಕದಲ್ಲಿ ತಂಪು ಜಾಗ ಇರಲಿ. ತಣ್ಣಗಾದ ಮರಿಗೆ ಹಾಲು ಕುಡಿಸಬೇಡಿ. ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ತಾಯಿಗೆ ಹಾಲು ಸಾಲದಿದ್ದರೆ ಪ್ಯಾಕೆಟ್ ಹಾಲಿಗೆ ನೀರು ಬೆರೆಸಿ ಕೊಡುವುದು ಇಲ್ಲಿನ ಅಭ್ಯಾಸ. ನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಹಸುವಿನ ಹಾಲಿಗಿಂತ ಎಷ್ಟೋ ಜಾಸ್ತಿ, ನೀರು ಬೆರೆಸಿದರೆ ಇನ್ನೂ ಕೆಟ್ಟಿತು. ನಾಯಿಮರಿಗೆಂದೇ ಸಿಗುವ ಹಾಲಿನ ಪುಡಿ ಒಂದು ಡಬ್ಬ ಮುಂಚೆಯೇ ತಂದಿಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ತೂಕ ನೋಡಿ. ಎರಡನೇ ದಿನದಿಂದ ಏರಬೇಕು.

ತಾಯಿಗೆ ನೋವಿನ ಮಾತ್ರೆ ವೈದ್ಯರು ಬರೆದದ್ದು ಮಾತ್ರ. ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಬೇಡ. ಕೆಮ್ಮು, ಏದುಸಿರು, ಜ್ವರ ಬಂದರೆ ಮೇಲೆ ಹೇಳಿದ ನ್ಯುಮೋನಿಯಾ ಇರಬಹುದು, ಅವತ್ತೇ ತೋರಿಸಿ. ವಾಸನೆ ಬರುವ ಸ್ರಾವ, ಹೊಲಿಗೆಯಿಂದ ಸೋರಿಕೆ, ಊಟ ಪೂರ್ತಿ ಬಿಟ್ಟರೂ ಅಷ್ಟೇ. ಮರಿ ಹಾಕಿದ ಕೆಲವು ವಾರಗಳಲ್ಲಿ ನಡುಕ, ಕಾಲು ಸೆಟೆಯುವುದು ಕಂಡರೆ ಕ್ಯಾಲ್ಸಿಯಂ ಇಳಿದಿದೆ, ತಕ್ಷಣ ಹೊರಡಿ. ಗಬ್ಬದಲ್ಲಿ ಕ್ಯಾಲ್ಸಿಯಂ ಸಿರಪ್ ಯದ್ವಾತದ್ವಾ ಕುಡಿಸಿದ ನಾಯಿಗಳಲ್ಲೇ ಇದರ ಅಪಾಯ ಜಾಸ್ತಿ. ಹೊಲಿಗೆ ಹತ್ತರಿಂದ ಹದಿನಾಲ್ಕು ದಿನಕ್ಕೆ ತೆಗೆಯುತ್ತಾರೆ.

ಆಸ್ಪತ್ರೆ ಬಿಡುವ ಮುನ್ನ ಒಂದು ಚೀಟಿ ಬರೆಸಿಕೊಳ್ಳಿ: ಯಾವ ಮತ್ತು, ಎಷ್ಟು, ಎಷ್ಟು ಹೊತ್ತಿಗೆ ಕೊಟ್ಟರು, ಎಚ್ಚರವಾಗಲು ಎಷ್ಟು ಹೊತ್ತಾಯಿತು, ಟ್ಯೂಬಿನ ಅಳತೆ ಎಷ್ಟು. ಮುಂದೆ ಹಲ್ಲು ಕ್ಲೀನ್ ಮಾಡಿಸುವುದಿರಲಿ, ಸಂತಾನಹರಣ ಇರಲಿ, ಇನ್ನೊಬ್ಬ ಡಾಕ್ಟರ್ ಮೊದಲು ಕೇಳುವುದು ಅದನ್ನೇ. ಫೋಟೊ ತೆಗೆದು ಮನೆಯವರಿಗೂ ಕಳಿಸಿಡಿ, ಚೀಟಿ ಕಳೆದುಹೋಗುತ್ತದೆ.